ಯಾವುದರಲ್ಲಿ ನೂರಕ್ಕೆ ಎಷ್ಟು?

(ಬಾನುಲಿ ಭಾಷಣ)



ಗಣಿತದ ಪುಸ್ತಕದಿಂದ ಹೊರಟು ನಮ್ಮ ದಿನಬಳಕೆಯ ಮಾತಿನಲ್ಲಿ ಬಂದು ನೆಲಸಿದ ಶಬ್ದಗಳು ಹೆಚ್ಚಿಲ್ಲ. ಬಂದವುಗಳಲ್ಲಿ ‘ಶೇಕಡಾ’ ಎಂಬುದರಷ್ಟು ಸಲಿಗೆಯಿಂದ ಓಡಾಡುವ ಶಬ್ದ ಇನ್ನೊಂದಿರಲಾರದು. ಬೆಳಗಿನ ಪತ್ರಿಕೆಯನ್ನು ಬಿಡಿಸಿದರೆ ಮಳೆ ಶೇಕಡಾ ಇಷ್ಟು ಕೊರತೆ, ಮತದಾನ ಶೇಕಡಾ ಇಷ್ಟು, ಪರೀಕ್ಷೆಯಲ್ಲಿ ತೇರ್ಗಡೆ ಶೇಕಡಾ ಇಷ್ಟು. ಬಟ್ಟೆಯಂಗಡಿಯ ಬಾಗಿಲಲ್ಲಿ ಆಷಾಢದ ರಿಯಾಯಿತಿ ಶೇಕಡಾ ಇಷ್ಟು. ಬ್ಯಾಂಕಿನ ಗೋಡೆಯ ಮೇಲೆ ಬಡ್ಡಿ ಶೇಕಡಾ ಇಷ್ಟು. ಒಬ್ಬರ ಮಾತನ್ನು ಪೂರ್ತಿ ಒಪ್ಪಬೇಕೆನಿಸಿದರೆ ‘ನೂರಕ್ಕೆ ನೂರು ನಿಜ’ ಎಂದು ತಲೆದೂಗುತ್ತೇವೆ. ಇಷ್ಟು ಪರಿಚಿತವಾದ ಈ ಶಬ್ದವೇ ಶಾಲೆಯ ಲೆಕ್ಕದ ಪುಸ್ತಕದಲ್ಲಿ ಎದುರಾದಾಗ ಮಾತ್ರ ಮಕ್ಕಳು ಕಂಗಾಲಾಗುತ್ತಾರೆ.

ಮಕ್ಕಳ ಈ ಕಷ್ಟವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಗುಣಾಕಾರ ಭಾಗಾಕಾರಗಳು ಬಾರದ ಮಗು ಎಡವುವುದು ಸಹಜ. ಆದರೆ ಅವೆರಡನ್ನೂ ಚೆನ್ನಾಗಿ ಬಲ್ಲ ಮಗುವೂ ಇಲ್ಲಿ ಎಡವುತ್ತದೆ. ಲೆಕ್ಕದಲ್ಲಿ ಕೊಟ್ಟಿರುವ ಎರಡು ಸಂಖ್ಯೆಗಳನ್ನು ಹಿಡಿದುಕೊಂಡು, ‘ಇವನ್ನು ಗುಣಿಸಲೋ, ಭಾಗಿಸಲೋ?’ ಎಂದು ಮೇಷ್ಟರ ಮುಖ ನೋಡುತ್ತದೆ. ಅದಕ್ಕೆ ಲೆಕ್ಕ ಬಾರದೆಂದು ನಾವು ತೀರ್ಮಾನಿಸುತ್ತೇವೆ. ನಿಜವಾಗಿ ಅದಕ್ಕೆ ತಿಳಿಯದೆ ಹೋದದ್ದು ಲೆಕ್ಕದ ವಾಕ್ಯ. ಶೇಕಡಾ ಲೆಕ್ಕದಲ್ಲಿ ಮುಕ್ಕಾಲು ಪಾಲು ಓದಿನ ಕೆಲಸ. ಎಣಿಕೆಯ ಕೆಲಸ ಉಳಿದ ಕಾಲು ಪಾಲು ಮಾತ್ರ. ಗಣಿತವೆಂದರೆ ದೂರ ಸರಿಯುವ ಸಾಹಿತ್ಯಪ್ರಿಯರ ಮುಂದೆ ಈ ವಿಷಯವನ್ನು ಎತ್ತುವ ಧೈರ್ಯ ನನಗೆ ಬಂದುದು ಇದರಿಂದಲೇ.

ಮೊದಲು ಶಬ್ದವನ್ನು ನೋಡೋಣ. ‘ಶೇಕಡಾ’ ಎಂಬುದು ಮರಾಠಿಯ ಕಡೆಯಿಂದ ನಮಗೆ ಬಂದ ಮಾತು. ಅದರ ಬೇರು ಸಂಸ್ಕೃತದ ‘ಶತ’. ‘ಪ್ರತಿಶತ’ ಎಂಬುದು ನೇರವಾಗಿ ಸಂಸ್ಕೃತದ್ದು. ನಮ್ಮ ಹಳ್ಳಿಯ ಬಾಯಲ್ಲಿ ಇರುವುದು ಅಚ್ಚಗನ್ನಡದ ‘ನೂರಕ್ಕೆ’. ಮೂರರ ಅರ್ಥವೂ ಒಂದೇ. ಆದರೆ ‘ನೂರಕ್ಕೆ’ ಎಂಬ ಮಾತಿನಲ್ಲಿ ಮಿಕ್ಕೆರಡರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣದ ಒಂದು ಗುಣವಿದೆ. ಅದರ ಕೊನೆಯಲ್ಲಿರುವ ‘ಕ್ಕೆ’ ಎಂಬ ಚತುರ್ಥೀ ವಿಭಕ್ತಿಯ ಪ್ರತ್ಯಯ, ಇಲ್ಲಿ ಎರಡು ವಸ್ತುಗಳಿವೆ, ಒಂದಕ್ಕೆ ಇನ್ನೊಂದು ಸಂಬಂಧಪಟ್ಟಿದೆ ಎಂದು ಕೂಗಿ ಹೇಳುತ್ತದೆ. ನೂರು ಎಂಬುದು ಪೂರ್ಣ. ಅದಕ್ಕೆ ಇಷ್ಟು ಎಂಬುದು ಅಂಶ. ಪೂರ್ಣವಿಲ್ಲದೆ ಅಂಶವಿಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ದಾರಿ ಸುಗಮ.

ನೂರನ್ನು ಪೂರ್ಣವೆಂದು ಇಟ್ಟುಕೊಂಡು ಎಣಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮವಾದ ಬಡ್ಡಿಯೆಂದು ಹೇಳುತ್ತದೆ. ವ್ಯಾಪಾರದ ಸಾಲಕ್ಕೆ ಐದು, ಕಾಡುದಾರಿಯಲ್ಲಿ ಸಾಗುವವರಿಗೆ ಹತ್ತು, ಕಡಲ ವ್ಯಾಪಾರದವರಿಗೆ ಇಪ್ಪತ್ತು ಎಂದು ಅಪಾಯಕ್ಕೆ ತಕ್ಕಂತೆ ದರವನ್ನು ಏರಿಸುತ್ತದೆ. ಯಾವ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತೋ ಆ ದೊರೆಯನ್ನೇ ಸ್ತುತಿಸಿ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. ೮೫೦ರಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅದರಲ್ಲಿಯೂ ಬಡ್ಡಿಯ ಲೆಕ್ಕಗಳಿಗೆ ದೊಡ್ಡ ಸ್ಥಾನವುಂಟು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಬರೆದಾಗ ಅವನ ಒಂದು ಗ್ರಂಥಕ್ಕೆ ಇಟ್ಟ ಹೆಸರೇ ‘ವ್ಯವಹಾರಗಣಿತ’. ೧೧೫೦ರಲ್ಲಿ ಮುಗಿದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಇಂಥದೊಂದು ಪ್ರಶ್ನೆ ಬರುತ್ತದೆ: ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿಯಾದರೆ ಹದಿನಾರಕ್ಕೆ ವರ್ಷಕ್ಕೆ ಎಷ್ಟು? ನೂರಕ್ಕೆ ವರ್ಷಕ್ಕೆ ಅರವತ್ತು. ಆದ್ದರಿಂದ ಹದಿನಾರಕ್ಕೆ ಒಂಬತ್ತು ಮತ್ತು ಐದರಲ್ಲಿ ಮೂರು ಭಾಗ. ಇಂದಿನ ಏಳನೆಯ ತರಗತಿಯ ಪುಸ್ತಕದಲ್ಲಿ ಈ ಲೆಕ್ಕವನ್ನು ಸೇರಿಸಿದರೆ ಯಾರಿಗೂ ಹಳತೆನಿಸದು.

ಇಂಥ ಪ್ರಶ್ನೆಗಳಿಗೆಲ್ಲ ತಳಹದಿಯಾದದ್ದು ತ್ರೈರಾಶಿಕ. ಆರ್ಯಭಟನ ಕಾಲದಿಂದಲೂ ಬಂದ ಈ ಸೂತ್ರದಲ್ಲಿ ಮೂರು ರಾಶಿಗಳಿಗೆ ಮೂರು ಹೆಸರು: ಪ್ರಮಾಣ, ಫಲ, ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಬೇಕಾದದ್ದು ದೊರೆಯುತ್ತದೆ. ಶೇಕಡಾ ಲೆಕ್ಕವೆಂದರೆ ಪ್ರಮಾಣ ಯಾವಾಗಲೂ ನೂರಾಗಿರುವ ತ್ರೈರಾಶಿಕ, ಅಷ್ಟೆ. ಆದರೆ ನಮ್ಮ ಹಿರಿಯರು ಸೂತ್ರವನ್ನು ಹೇಳಿ ಸುಮ್ಮನಾಗಲಿಲ್ಲ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು, ಬೇರೆ ಜಾತಿಯ ಫಲ ನಡುವೆ ಇರಬೇಕು ಎಂದು ಎಚ್ಚರಿಸಿದರು. ನೂರು ಸಾಲವಾದರೆ ಹದಿನಾರೂ ಸಾಲವೇ ಆಗಿರಬೇಕು. ನಡುವೆ ಬರುವುದು ಬಡ್ಡಿ. ಈ ಎಚ್ಚರಿಕೆಯನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಮೊದಲು ನಿನ್ನ ಪೂರ್ಣ ಯಾವುದೆಂದು ಗೊತ್ತುಮಾಡಿಕೊ, ಆಮೇಲೆ ಎಣಿಸು.

ಪೂರ್ಣ ನೂರೇ ಆಗಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಹಿಂದಿನ ತಲೆಮಾರಿನವರಿಗೆ ಪೂರ್ಣವೆಂದರೆ ಹದಿನಾರು. ರೂಪಾಯಿಗೆ ಹದಿನಾರಾಣೆ, ಹದಿನಾರರಲ್ಲೊಂದು ಭಾಗಕ್ಕೆ ‘ವೀಸ’ವೆಂಬ ಸ್ವಂತ ಹೆಸರೇ ಇತ್ತು. ಅರ್ಧ ಬೆಳೆ ಬಂದರೆ ಎಂಟಾಣೆ ಬೆಳೆ, ಮಾತು ಪೂರ್ತಿ ನಿಜವಾದರೆ ಹದಿನಾರಾಣೆ ನಿಜ. ೧೯೫೭ನೆಯ ಏಪ್ರಿಲ್ ಒಂದರಂದು ದಶಮಾನ ನಾಣ್ಯಗಳು ಬಂದು ರೂಪಾಯಿ ನೂರು ಪೈಸೆಯಾಯಿತು. ನಾಲ್ಕಾಣೆ ಇಪ್ಪತ್ತೈದು ಪೈಸೆಯಾದಂತೆ, ಕಾಲುಭಾಗ ಶೇಕಡಾ ಇಪ್ಪತ್ತೈದಾಯಿತು. ಅಕ್ಕಸಾಲಿಗನಿಗೆ ಪೂರ್ಣವೆಂದರೆ ಇಪ್ಪತ್ತನಾಲ್ಕು. ೨೨ ಕ್ಯಾರಟ್ ಚಿನ್ನವೆಂದರೆ ೨೪ರಲ್ಲಿ ೨೨ ಭಾಗ. ಅದನ್ನೇ ಸಾವಿರದ ಲೆಕ್ಕಕ್ಕೆ ತಂದು ೯೧೬ ಎಂದು ಆಭರಣದ ಮೇಲೆ ಒತ್ತುತ್ತಾರೆ. ಹದಿನಾರು, ಇಪ್ಪತ್ತನಾಲ್ಕು, ನೂರು, ಸಾವಿರ, ಇವೆಲ್ಲ ಒಂದೇ ರೊಟ್ಟಿಯನ್ನು ಬೇರೆಬೇರೆಯಾಗಿ ಮುರಿದಂತೆ. ನೂರರ ಹೆಚ್ಚುಗಾರಿಕೆ ಇಷ್ಟೇ: ಎಲ್ಲರೂ ಅದೇ ಅಳತೆಯನ್ನು ಹಿಡಿದರೆ ಒಂದು ಅಂಶವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವುದು ಸುಲಭ.

ಈಗ ಶಾಲೆಯ ಲೆಕ್ಕಕ್ಕೆ ಬರೋಣ. ಒಂದು ಊರಿನ ಪುಸ್ತಕ ಭಂಡಾರವನ್ನು ಊಹಿಸಿಕೊಳ್ಳಿ. ಅಲ್ಲಿ ಒಟ್ಟು ೨,೪೦೦ ಪುಸ್ತಕಗಳಿವೆ. ಅವುಗಳಲ್ಲಿ ಶೇಕಡಾ ೩೫ ಕಾದಂಬರಿಗಳು. ಕಾದಂಬರಿಗಳು ಎಷ್ಟು? ಇದು ಮೊದಲನೆಯ ಬಗೆ: ಪೂರ್ಣ ಗೊತ್ತು, ದರ ಗೊತ್ತು, ಅಂಶ ಬೇಕು. ಎರಡನೆಯ ಬಗೆ: ೨,೪೦೦ ಪುಸ್ತಕಗಳಲ್ಲಿ ೮೪೦ ಕಾದಂಬರಿಗಳು; ಹಾಗಾದರೆ ಶೇಕಡಾ ಎಷ್ಟು? ಇಲ್ಲಿ ಪೂರ್ಣವೂ ಅಂಶವೂ ಗೊತ್ತು, ದರ ಬೇಕು. ಮೂರನೆಯ ಬಗೆ: ಭಂಡಾರದಲ್ಲಿ ೮೪೦ ಕಾದಂಬರಿಗಳಿವೆ, ಅವು ಒಟ್ಟು ಪುಸ್ತಕಗಳ ಶೇಕಡಾ ೩೫, ಒಟ್ಟು ಪುಸ್ತಕಗಳು ಎಷ್ಟು? ಇಲ್ಲಿ ಪೂರ್ಣವೇ ಬೇಕು. ಪುಸ್ತಕದಲ್ಲಿ ಕಾಣುವ ನೂರಾರು ಶೇಕಡಾ ಲೆಕ್ಕಗಳನ್ನು ಜರಡಿ ಹಿಡಿದರೆ ಉಳಿಯುವುದು ಈ ಮೂರೇ. ಮಾವಿನಹಣ್ಣು, ಹಾಲು, ಅಂಕ, ಸಂಬಳ, ಇವೆಲ್ಲ ಮೇಲಿನ ಉಡುಪು.

ಇವನ್ನು ಬಿಡಿಸಲು ಮೂರು ಸೂತ್ರಗಳನ್ನು ಬಾಯಿಪಾಠ ಮಾಡಿಸುವ ರೂಢಿಯುಂಟು. ಅದರ ಅಗತ್ಯವಿಲ್ಲ. ಹಲಗೆಯ ಮೇಲೆ ಒಂದು ಉದ್ದನೆಯ ಪಟ್ಟಿಯನ್ನು ಬರೆಯಿರಿ. ಅದು ಇಡೀ ಭಂಡಾರ, ಅಂದರೆ ನೂರು. ಅದನ್ನು ಹತ್ತು ಸಮಭಾಗ ಮಾಡಿ. ಒಂದೊಂದು ಭಾಗವೂ ನೂರಕ್ಕೆ ಹತ್ತು. ೨,೪೦೦ರಲ್ಲಿ ಅದು ೨೪೦. ಮೂರು ಭಾಗಗಳು ೭೨೦. ಇನ್ನು ಐದಕ್ಕೆ ಅರ್ಧ ಭಾಗ, ೧೨೦. ಕೂಡಿಸಿದರೆ ೮೪೦. ಮೂರನೆಯ ಬಗೆಯ ಲೆಕ್ಕವೂ ಅದೇ ಪಟ್ಟಿಯಲ್ಲಿ ಹಿಂದಕ್ಕೆ ನಡೆದು ಬರುತ್ತದೆ. ನೂರಕ್ಕೆ ೩೫ ಎಂಬುದು ೮೪೦ ಆದರೆ ನೂರಕ್ಕೆ ೫ ಎಂಬುದು ಅದರ ಏಳರಲ್ಲೊಂದು, ಅಂದರೆ ೧೨೦. ನೂರಕ್ಕೆ ನೂರು ಅದರ ಇಪ್ಪತ್ತರಷ್ಟು, ೨,೪೦೦. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಕಲಿತ ನಮ್ಮ ಅಜ್ಜಂದಿರು ಹೀಗೆಯೇ ಕಾಗದವಿಲ್ಲದೆ ಲೆಕ್ಕ ಮಾಡುತ್ತಿದ್ದರು. ಪಟ್ಟಿಯನ್ನು ಕಣ್ಣಾರೆ ಕಂಡ ಮಗು ‘ಗುಣಿಸಲೋ, ಭಾಗಿಸಲೋ’ ಎಂದು ಕೇಳುವುದಿಲ್ಲ. ಕಾದಂಬರಿಗಳು ೬,೮೫೭ ಎಂಬಂಥ ಉತ್ತರ ಬಂದರೆ, ಭಂಡಾರದಲ್ಲಿರುವುದಕ್ಕಿಂತ ಹೆಚ್ಚು ಕಾದಂಬರಿಗಳು ಎಲ್ಲಿಂದ ಬಂದವೆಂದು ಅದು ತಾನಾಗಿ ನಗುತ್ತದೆ.

ಆದರೆ ಪಟ್ಟಿಯನ್ನು ಬರೆಯುವ ಮೊದಲು ಅದಕ್ಕೆ ಯಾವ ಹೆಸರಿಡಬೇಕೆಂದು ತಿಳಿಯಬೇಕು. ಅಲ್ಲಿಯೇ ವ್ಯಾಕರಣ ನೆರವಿಗೆ ಬರುತ್ತದೆ. ಕನ್ನಡ ವಾಕ್ಯದಲ್ಲಿ ಪೂರ್ಣವು ಬರಿಗೈಯಲ್ಲಿ ನಿಲ್ಲುವುದು ಅಪರೂಪ. ಸಾಮಾನ್ಯವಾಗಿ ಒಂದು ಪ್ರತ್ಯಯವನ್ನು ಹಿಡಿದೇ ಬರುತ್ತದೆ. ‘ಪುಸ್ತಕಗಳಲ್ಲಿ ಶೇಕಡಾ ೩೫’ ಎಂದಾಗ ಸಪ್ತಮಿ. ‘ಸಂಬಳದ ಶೇಕಡಾ ೧೨’ ಎಂದಾಗ ಷಷ್ಠಿ. ‘ಸಾಲಕ್ಕೆ ಶೇಕಡಾ ೯ ಬಡ್ಡಿ’ ಎಂದಾಗ ಚತುರ್ಥಿ. ‘ಹೋದ ವರ್ಷಕ್ಕಿಂತ ಶೇಕಡಾ ೨೦ ಹೆಚ್ಚು’ ಎಂದಾಗ ‘ಇಂತ’ ಎಂಬ ಹೋಲಿಕೆಯ ಮಾತು. ಈ ಪ್ರತ್ಯಯಗಳನ್ನು ಹೊತ್ತ ಪದವೇ ಪೂರ್ಣ, ಅದೇ ನೂರು. ಹೋದ ವರ್ಷ ನೂರಾದರೆ ಈ ವರ್ಷ ನೂರ ಇಪ್ಪತ್ತು. ಮಕ್ಕಳಿಗೆ ಲೆಕ್ಕವನ್ನು ಕೊಟ್ಟೊಡನೆ ಸಂಖ್ಯೆಗಳ ಕೆಳಗೆ ಗೆರೆ ಎಳೆಸುತ್ತೇವೆ. ‘ಅಲ್ಲಿ’, ‘ಅ’, ‘ಕ್ಕೆ’, ‘ಇಂತ’ಗಳ ಕೆಳಗೆ ಗೆರೆ ಎಳೆಸಿದರೆ ಹೆಚ್ಚು ಪ್ರಯೋಜನ. ವಿಭಕ್ತಿಗಳನ್ನು ಕಲಿಸುವ ಕನ್ನಡ ಪಂಡಿತರೂ ಶೇಕಡಾ ಕಲಿಸುವ ಗಣಿತದ ಮೇಷ್ಟರೂ ಒಂದೇ ಪಾಠವನ್ನು ಎರಡು ಕೋಣೆಗಳಲ್ಲಿ ಹೇಳುತ್ತಿದ್ದಾರೆಂದು ನನಗೆ ತೋರುತ್ತದೆ.

ಪೂರ್ಣ ಬದಲಾಗುತ್ತ ಹೋಗುವುದೇ ಈ ಲೆಕ್ಕಗಳ ಮುಖ್ಯ ಮರ್ಮ. ನಮ್ಮ ಭಂಡಾರದ ಕಾದಂಬರಿಗಳಲ್ಲಿ ಶೇಕಡಾ ೨೫ ಅನುವಾದಗಳು ಎನ್ನೋಣ. ಅನುವಾದಗಳು ೮೪೦ರಲ್ಲಿ ಕಾಲು, ಅಂದರೆ ೨೧೦. ಆದರೆ ಇಡೀ ಭಂಡಾರದಲ್ಲಿ ಅವು ನೂರಕ್ಕೆ ಒಂಬತ್ತೂ ಆಗುವುದಿಲ್ಲ, ಎಂಟೂಮುಕ್ಕಾಲು ಮಾತ್ರ. ಅವವೇ ೨೧೦ ಪುಸ್ತಕಗಳು. ಕೇಳಿದ ಪೂರ್ಣ ಬೇರೆ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ ೧೨೫ ಅಂಕಗಳು, ಮಿಕ್ಕ ಐದು ವಿಷಯಗಳಿಗೆ ನೂರು ನೂರು, ಒಟ್ಟು ೬೨೫. ಗಣಿತದಲ್ಲಿ ನೂರು ಅಂಕ ಬಂದರೆ ನೂರಕ್ಕೆ ನೂರು. ಕನ್ನಡದಲ್ಲಿ ಅದೇ ನೂರು ಅಂಕ ಬಂದರೆ ನೂರಕ್ಕೆ ಎಂಬತ್ತು. ಅಂಕಪಟ್ಟಿಯಲ್ಲಿ ಎರಡು ನೂರುಗಳು ಅಕ್ಕಪಕ್ಕದಲ್ಲಿ ಕುಳಿತು ಒಂದೇ ಬಗೆಯಾಗಿ ಕಾಣುತ್ತವೆ. ಅವುಗಳ ಹಿಂದಿರುವ ಪೂರ್ಣಗಳು ಬೇರೆ.

ಅಂಗಡಿಬೀದಿಗೆ ಹೋದರೆ ಈ ಮರ್ಮಕ್ಕೆ ಬೆಲೆ ಬರುತ್ತದೆ. ಸಾವಿರ ರೂಪಾಯಿಯ ಸೀರೆಯ ಬೆಲೆಯನ್ನು ವ್ಯಾಪಾರಿ ಮೊದಲು ಶೇಕಡಾ ೨೦ ಏರಿಸುತ್ತಾನೆ. ಆಷಾಢ ಬಂದಾಗ ಶೇಕಡಾ ೨೦ ಇಳಿಸುತ್ತಾನೆ. ಏರಿದಷ್ಟೇ ಇಳಿಯಿತಲ್ಲ ಎಂದು ನಾವು ಭಾವಿಸುತ್ತೇವೆ. ಏರಿದ್ದು ಸಾವಿರದ ಮೇಲೆ, ೨೦೦. ಇಳಿದದ್ದು ೧,೨೦೦ರ ಮೇಲೆ, ೨೪೦. ಸೀರೆ ೯೬೦ ರೂಪಾಯಿಗೆ ಬಂತು. ‘ಶೇಕಡಾ ೫೦, ಅದರ ಮೇಲೆ ಮತ್ತೆ ಶೇಕಡಾ ೨೦ ರಿಯಾಯಿತಿ’ ಎಂಬ ಫಲಕವನ್ನು ನೋಡಿ ಮನಸ್ಸು ಎಪ್ಪತ್ತು ಎಂದುಕೊಳ್ಳುತ್ತದೆ. ಎರಡನೆಯ ರಿಯಾಯಿತಿ ಉಳಿದರ್ಧದ ಮೇಲೆ ಮಾತ್ರ. ಆದ್ದರಿಂದ ನಿಜವಾದ ರಿಯಾಯಿತಿ ಅರವತ್ತು. ಹಾಗೆಯೇ ಎಂಬತ್ತಕ್ಕೆ ಕೊಂಡು ನೂರಕ್ಕೆ ಮಾರಿದವನ ಲಾಭ, ಕೊಂಡ ಬೆಲೆಯ ಮೇಲೆ ಶೇಕಡಾ ೨೫, ಮಾರಿದ ಬೆಲೆಯ ಮೇಲೆ ಶೇಕಡಾ ೨೦. ತೆರಿಗೆಯೂ ಸೇರಿ ೫೯೦ ರೂಪಾಯಿ ಎಂದು ರಸೀದಿಯಲ್ಲಿದ್ದು ತೆರಿಗೆ ಶೇಕಡಾ ೧೮ ಆಗಿದ್ದರೆ, ೫೯೦ರ ಶೇಕಡಾ ೧೮ನ್ನು ಕಳೆಯಬಾರದು. ೫೯೦ ಎಂಬುದು ನೂರ ಹದಿನೆಂಟು, ನೂರು ಎಂಬುದು ೫೦೦, ತೆರಿಗೆ ೯೦. ಇವೆಲ್ಲ ಚಿಕ್ಕ ಮೊತ್ತಗಳು. ಆದರೆ ಪೂರ್ಣ ಯಾವುದೆಂಬ ಪ್ರಶ್ನೆಯ ಮೇಲೆ ಸಾವಿರಾರು ರೈತರ ಬದುಕು ನಿಂತ ಒಂದು ಪ್ರಸಂಗ ನಮ್ಮ ದೇಶದ ಚರಿತ್ರೆಯಲ್ಲಿದೆ.

ಅದು ೧೯೧೮ರ ಮಾತು. ಗುಜರಾತಿನ ಖೇಡಾ ಜಿಲ್ಲೆ. ಬೆಳೆ ಎಷ್ಟು ಬಂದಿದೆಯೆಂಬುದನ್ನು ಕಂದಾಯದ ಅಧಿಕಾರಿಗಳು ಆಣೆಯ ಲೆಕ್ಕದಲ್ಲಿ ಅಂದಾಜು ಮಾಡುತ್ತಿದ್ದರು. ಪೂರ್ಣ ಬೆಳೆ ಹದಿನಾರಾಣೆ. ಬೆಳೆ ನಾಲ್ಕಾಣೆ ಅಥವಾ ಅದಕ್ಕಿಂತ ಕಡಮೆಯಾದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ತಡೆಹಿಡಿಯಬೇಕೆಂದು ರೈತರು ಕೇಳಬಹುದೆಂಬುದು ನಿಯಮ. ಬೆಳೆ ನಾಲ್ಕಾಣೆಗಿಂತ ಹೆಚ್ಚೆಂದು ಸರ್ಕಾರದ ಲೆಕ್ಕ. ಕಡಮೆಯೆಂದು ರೈತರ ಲೆಕ್ಕ. ಮಧ್ಯಸ್ಥರನ್ನು ನೇಮಿಸಿ ತೀರ್ಮಾನಿಸಿರೆಂಬ ಬೇಡಿಕೆಗೆ ಸರ್ಕಾರ ಕಿವಿಗೊಡಲಿಲ್ಲ. ಮಾರ್ಚ್ ೨೨ರಂದು ನಡಿಯಾದಿನಲ್ಲಿ ಗಾಂಧೀಜಿಯವರು ಸತ್ಯಾಗ್ರಹವನ್ನು ಆರಂಭಿಸಿದರು. ವಲ್ಲಭಭಾಯಿ ಪಟೇಲರು ಅವರ ಜೊತೆಗೆ ನಿಂತರು. ಕಂದಾಯ ಕೊಡುವುದಿಲ್ಲವೆಂದು ರೈತರು ಪ್ರತಿಜ್ಞೆಗೆ ಸಹಿ ಹಾಕಿದರು, ಜಫ್ತಿಗಳು ನಡೆದವು. ಕೊನೆಗೆ ಉಳ್ಳವರು ಕೊಟ್ಟರೆ ಬಡವರ ವಸೂಲಿಯನ್ನು ತಡೆಹಿಡಿಯುವುದೆಂದಾಗಿ, ಜೂನ್ ತಿಂಗಳಲ್ಲಿ ಸತ್ಯಾಗ್ರಹ ಮುಗಿಯಿತು.

ನಾಲ್ಕಾಣೆಯೆಂದರೆ ಇಂದಿನ ಮಾತಿನಲ್ಲಿ ಶೇಕಡಾ ೨೫. ಈ ಅಂದಾಜು ಎಷ್ಟು ಸೂಕ್ಷ್ಮವೆಂದು ತಿಳಿಯಲು ನಾವೇ ಒಂದು ಲೆಕ್ಕವನ್ನು ಕಟ್ಟಿಕೊಳ್ಳೋಣ. ಒಬ್ಬ ರೈತನ ಹೊಲದಲ್ಲಿ ಹತ್ತು ಚೀಲ ಧಾನ್ಯ ಬಂದಿದೆ. ಒಳ್ಳೆಯ ವರ್ಷದಲ್ಲಿ ಆ ಹೊಲ ನಲವತ್ತು ಚೀಲ ಕೊಡುತ್ತದೆಂದು ಇಟ್ಟುಕೊಂಡರೆ ಈ ವರ್ಷದ ಬೆಳೆ ನಾಲ್ಕಾಣೆ, ರೈತನಿಗೆ ಬಿಡುವು. ಪೂರ್ಣ ಬೆಳೆಯೆಂದರೆ ಮೂವತ್ತೆರಡೇ ಚೀಲ ಎಂದು ಇಟ್ಟುಕೊಂಡರೆ ಅದೇ ಹತ್ತು ಚೀಲ ಐದಾಣೆಯಾಗುತ್ತದೆ. ಜಫ್ತಿಯ ನೋಟೀಸು ಮನೆಗೆ ಬರುತ್ತದೆ. ಕಣದಲ್ಲಿ ಬಿದ್ದಿರುವ ಕಾಳು ಒಂದೂ ಹೆಚ್ಚಲಿಲ್ಲ. ಕಚೇರಿಯಲ್ಲಿ ಪೂರ್ಣವನ್ನು ಚಿಕ್ಕದು ಮಾಡಿದರು, ಹೊಲದಲ್ಲಿ ಅಂಶ ದೊಡ್ಡದಾಯಿತು. ಶೇಕಡಾ ಲೆಕ್ಕದಲ್ಲಿ ಪೂರ್ಣವನ್ನು ಗೊತ್ತುಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಉತ್ತರವೂ ಬಹಳಮಟ್ಟಿಗೆ ಅವರ ಕೈಯಲ್ಲಿಯೇ ಇರುತ್ತದೆ.

ಈ ಮಾತು ಹಳೆಯದಾಗಿಲ್ಲ. ಇಂದಿಗೂ ನಮ್ಮ ಹಳ್ಳಿಗಳಲ್ಲಿ, ಪೇಟೆಯ ಹಿಂದಿನ ಗಲ್ಲಿಗಳಲ್ಲಿ ‘ಮೂರು ರೂಪಾಯಿ ಬಡ್ಡಿ’ ಎಂಬ ಮಾತು ಕೇಳಿಬರುತ್ತದೆ. ಕಷ್ಟದಲ್ಲಿರುವವನ ಕಿವಿಗೆ ಮೂರು ರೂಪಾಯಿ ಹಗುರವಾಗಿ ಕೇಳಿಸುತ್ತದೆ. ಅದರ ಪೂರ್ಣ ನೂರು ರೂಪಾಯಿ, ಒಂದು ತಿಂಗಳು. ವರ್ಷಕ್ಕೆ ಶೇಕಡಾ ೩೬. ಐವತ್ತು ಸಾವಿರದ ಸಾಲಕ್ಕೆ ವರ್ಷಕ್ಕೆ ಹದಿನೆಂಟು ಸಾವಿರ. ಕೌಟಿಲ್ಯನು ಧರ್ಮವೆಂದ ಒಂದೂಕಾಲು ಪಣ ವರ್ಷಕ್ಕೆ ಹದಿನೈದು. ಇದು ಅದರ ಎರಡರಷ್ಟಕ್ಕಿಂತ ಹೆಚ್ಚು. ಇನ್ನು ಕೆಲವರು ಬಡ್ಡಿಯನ್ನು ಮೊದಲೇ ಮುರಿದುಕೊಳ್ಳುತ್ತಾರೆ. ಹತ್ತು ಸಾವಿರ ಸಾಲವೆಂದು ಬರೆಸಿಕೊಂಡು, ನೂರಕ್ಕೆ ಹತ್ತರಂತೆ ಒಂದು ತಿಂಗಳ ಬಡ್ಡಿ ಸಾವಿರವನ್ನು ಹಿಡಿದುಕೊಂಡು, ಒಂಬತ್ತು ಸಾವಿರ ಕೊಡುತ್ತಾರೆ. ಸಾಲಗಾರನ ಕೈಗೆ ಬಂದದ್ದು ಒಂಬತ್ತು ಸಾವಿರ. ಬಡ್ಡಿ ಲೆಕ್ಕ ಹಾಕಬೇಕಾದದ್ದು ಅದರ ಮೇಲೆ. ಅದು ತಿಂಗಳಿಗೆ ನೂರಕ್ಕೆ ಹನ್ನೊಂದಕ್ಕೂ ಮೀರುತ್ತದೆ. ಬಾಯಲ್ಲಿ ಹೇಳಿದ ಹತ್ತಕ್ಕೂ ಜೇಬಿಗೆ ಬಿದ್ದ ಹನ್ನೊಂದಕ್ಕೂ ನಡುವಿನ ಅಂತರದಲ್ಲಿಯೇ ವ್ಯವಹಾರದ ಜಾಣತನ ಅಡಗಿದೆ.

ಕಂತಿನ ಸಾಲದಲ್ಲಿ ಈ ಜಾಣತನ ಇನ್ನೂ ನಯವಾಗಿರುತ್ತದೆ. ಹನ್ನೆರಡು ಸಾವಿರ ರೂಪಾಯಿಯನ್ನು ಹನ್ನೆರಡು ತಿಂಗಳಲ್ಲಿ ಸಾವಿರ ಸಾವಿರದಂತೆ ತೀರಿಸಬೇಕು. ಬಡ್ಡಿ ಮಾತ್ರ ಮೂಲ ಮೊತ್ತದ ಮೇಲೆ ಶೇಕಡಾ ೧೨, ಅಂದರೆ ೧,೪೪೦ ರೂಪಾಯಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮೊದಲ ತಿಂಗಳಲ್ಲಿ ಮಾತ್ರ ಸಾಲಗಾರನ ಬಳಿ ಹನ್ನೆರಡು ಸಾವಿರವಿರುತ್ತದೆ. ಕೊನೆಯ ತಿಂಗಳಲ್ಲಿ ಒಂದೇ ಸಾವಿರ. ಸರಾಸರಿ ಬಾಕಿ ೬,೫೦೦ ರೂಪಾಯಿ. ೧,೪೪೦ ಎಂಬುದು ೬,೫೦೦ರಲ್ಲಿ ನೂರಕ್ಕೆ ಸುಮಾರು ೨೨. ಹನ್ನೆರಡು ಎಂದು ಹೇಳಿದವನು ಸುಳ್ಳು ಹೇಳಿಲ್ಲ. ಕೇಳಿದವನು ‘ಯಾವುದರ ಮೇಲೆ?’ ಎಂದು ಕೇಳಲಿಲ್ಲ.

ಸುಳ್ಳಲ್ಲದ ಅಂಕಿಗಳೂ ನಮ್ಮನ್ನು ದಾರಿ ತಪ್ಪಿಸಬಲ್ಲವು ಎಂಬುದಕ್ಕೆ ಇನ್ನೆರಡು ನಿದರ್ಶನಗಳು. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡಾ ೭೫.೩೬. ಇದನ್ನು ಓದಿದೊಡನೆ ನಾಡಿನ ನಾಲ್ವರಲ್ಲಿ ಮೂವರು ಅಕ್ಷರಸ್ಥರು ಎಂದುಕೊಳ್ಳುತ್ತೇವೆ. ಆದರೆ ಆ ಲೆಕ್ಕದ ಪೂರ್ಣ, ಏಳು ವರ್ಷ ತುಂಬಿದವರು ಮಾತ್ರ. ಆಗಿನ ಒಟ್ಟು ಜನಸಂಖ್ಯೆ ಸುಮಾರು ೬ ಕೋಟಿ ೧೧ ಲಕ್ಷ. ಏಳು ತುಂಬದ ಮಕ್ಕಳು ಸುಮಾರು ೭೨ ಲಕ್ಷ. ಅಕ್ಷರಸ್ಥರು ಸುಮಾರು ೪ ಕೋಟಿ ೬ ಲಕ್ಷ. ಇಡೀ ಜನಸಂಖ್ಯೆಯಲ್ಲಿ ಎಣಿಸಿದರೆ ಶೇಕಡಾ ೬೬.೫. ತೊಟ್ಟಿಲ ಮಗುವನ್ನು ನಿರಕ್ಷರಿಯೆಂದು ಕರೆಯುವುದು ಸರಿಯಲ್ಲವಾದ್ದರಿಂದ ಜನಗಣತಿಯವರು ಮಾಡಿದ್ದು ನ್ಯಾಯವೇ. ಆದರೂ ಪೂರ್ಣವನ್ನು ತಿಳಿದುಕೊಂಡೇ ಆ ಸಂಖ್ಯೆಯನ್ನು ಓದಬೇಕು.

ಇನ್ನೊಂದು ಕೃಷ್ಣರಾಜಸಾಗರದ್ದು. ಮಳೆಗಾಲದಲ್ಲಿ ಕಟ್ಟೆಯ ನೀರಿನ ಮಟ್ಟ ದಿನದಿನವೂ ಪತ್ರಿಕೆಯಲ್ಲಿ ಬರುತ್ತದೆ. ಪೂರ್ಣ ಮಟ್ಟ ೧೨೪.೮೦ ಅಡಿ. ನೀರು ನೂರಡಿಗೆ ಬಂತೆಂದರೆ ನೂರಕ್ಕೆ ಎಂಬತ್ತು ಭಾಗ ತುಂಬಿತೆಂದು ಸಂತೋಷಪಡುವವರುಂಟು. ಅಡಿಯ ಲೆಕ್ಕದಲ್ಲಿ ಅದು ಸರಿ. ಆದರೆ ಗದ್ದೆಗೂ ಕೊಳಾಯಿಗೂ ಬೇಕಾದದ್ದು ಅಡಿಯಲ್ಲ, ನೀರು. ಜಲಾಶಯದ ತಳ ಕಿರಿದು, ಮೇಲೆ ಹೋದಂತೆ ಅಗಲ. ಕೊನೆಯ ಇಪ್ಪತ್ತೈದು ಅಡಿಗಳಲ್ಲಿ ಹಿಡಿಯುವ ನೀರು ಬಹಳ. ಕಟ್ಟೆ ತುಂಬಿದಾಗ ಇರುವುದು ಸುಮಾರು ೪೯ ಟಿ.ಎಂ.ಸಿ. ನೀರು. ನೂರಡಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಎತ್ತರವನ್ನು ಪೂರ್ಣವೆಂದುಕೊಂಡವನಿಗೆ ಸಮೃದ್ಧಿ. ನೀರನ್ನು ಪೂರ್ಣವೆಂದುಕೊಂಡವನಿಗೆ ಚಿಂತೆ.

ಇಷ್ಟೆಲ್ಲ ಹೇಳಿದ್ದರ ಉದ್ದೇಶ ಶೇಕಡಾ ಎಂಬುದರ ಮೇಲೆ ಅವಿಶ್ವಾಸ ಹುಟ್ಟಿಸುವುದಲ್ಲ. ಚಿಕ್ಕ ಊರನ್ನೂ ದೊಡ್ಡ ಊರನ್ನೂ, ಬಡ ಹೊಲವನ್ನೂ ಸಿರಿವಂತ ಹೊಲವನ್ನೂ ಒಂದೇ ಅಳತೆಯಲ್ಲಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ಉಪಾಯ ಮನುಷ್ಯನ ಕೈಗೆ ಸಿಕ್ಕಿಲ್ಲ. ಅದನ್ನು ಬಳಸುವವನು ಒಂದು ಪ್ರಶ್ನೆಯನ್ನು ಮಾತ್ರ ಮರೆಯಬಾರದು. ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೆ: ಮಗು ಶೇಕಡಾ ಲೆಕ್ಕವನ್ನು ಹಿಡಿದು ಬಂದಾಗ ಸೂತ್ರವನ್ನು ಹೇಳಿಕೊಡಲು ಅವಸರಪಡಬೇಡಿ. ವಾಕ್ಯವನ್ನು ಗಟ್ಟಿಯಾಗಿ ಓದಿಸಿ. ‘ಯಾವುದರಲ್ಲಿ?’ ಎಂದು ಕೇಳಿ. ಉತ್ತರ ಬಂದಮೇಲೆ ಪಟ್ಟಿಯನ್ನು ಬರೆಸಿ, ಆ ಉತ್ತರವನ್ನೇ ಪಟ್ಟಿಯ ತಲೆಯ ಮೇಲೆ ಬರೆಸಿ. ಮಿಕ್ಕದ್ದನ್ನು ಅದೇ ಮಾಡಿಕೊಳ್ಳುತ್ತದೆ. ಉತ್ತರ ಬಂದಮೇಲೆ ‘ಇದು ಆಗುವ ಮಾತೇ?’ ಎಂದು ಇನ್ನೊಮ್ಮೆ ಕೇಳಿ.

ಮುಂದೆ ಆ ಮಗು ದೊಡ್ಡದಾಗಿ ಸಾಲದ ಕಾಗದಕ್ಕೆ ಸಹಿ ಹಾಕುವ ದಿನ ಬರುತ್ತದೆ. ಪತ್ರಿಕೆಯ ಅಂಕಿಗಳನ್ನು ನೋಡಿ ಮತ ಹಾಕುವ ದಿನವೂ ಬರುತ್ತದೆ. ಆಗ ಪಕ್ಕದಲ್ಲಿ ಮೇಷ್ಟರಿರುವುದಿಲ್ಲ, ಪುಸ್ತಕದ ಕೊನೆಯಲ್ಲಿ ಉತ್ತರಗಳ ಪಟ್ಟಿಯೂ ಇರುವುದಿಲ್ಲ. ಎದುರಿಗೆ ಕುಳಿತವನು ‘ನೂರಕ್ಕೆ ಇಷ್ಟೇ ಸ್ವಾಮಿ’ ಎಂದಾಗ, ಹಿಡಿದ ಲೇಖನಿಯನ್ನು ಒಂದು ಗಳಿಗೆ ಕೆಳಗಿಟ್ಟು, ‘ಯಾವುದರಲ್ಲಿ?’ ಎಂದು ಕೇಳುವಷ್ಟು ಅದು ಕಲಿತಿದ್ದರೆ, ಏಳನೆಯ ತರಗತಿಯ ಆ ಪಾಠ ಸಾರ್ಥಕವಾಯಿತೆಂದೇ ತಿಳಿಯಬೇಕು.